ತುತ್ತಿಗೊಂದು ಕಂತು

ಹಲ್ಲಿನ ಡಾಕ್ಟರು ಫೋನಿನಲ್ಲಿ ಬರೆದದ್ದನ್ನು ಓದಿ ಮಲಗುವ ಮುಂಚೆಯೂ ಹಲ್ಲುಜ್ಜುವ ಅಭ್ಯಾಸ ಮಾಡಿಕೊಂಡವರು ಸಾವಿರಾರು ಜನ. ಅದನ್ನೆಲ್ಲ ಡಾಕ್ಟರೇ ಬರೆಯುತ್ತಾರೆ ಎಂದು ಅವರು ನಂಬಿದ್ದರು. ನಂಬದಿರಲು ಕಾರಣವೂ ಇರಲಿಲ್ಲ. ಮೇಲೆ ಡಾಕ್ಟರ ಫೋಟೊ ಇತ್ತು, ಪಕ್ಕದಲ್ಲಿ ಅವರ ಹೆಸರಿತ್ತು. ಬರೆಯುತ್ತಿದ್ದವಳು ಮಾತ್ರ ಊರಿನ ಇನ್ನೊಂದು ಮೂಲೆಯಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ, ಒಂದು ಕೈಯಲ್ಲಿ ಚಮಚ ಇನ್ನೊಂದು ಕೈಯಲ್ಲಿ ಫೋನು ಹಿಡಿದು ಅತ್ತೆಯ ಮಂಚದ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು.

ಡಾಕ್ಟರೊಬ್ಬರಿಗೇ ಅಲ್ಲ. ಗಿಡ ಮಾರುವ ನರ್ಸರಿಯಾಕೆಗೆ, ಬಾಡಿಗೆ ಮನೆ ಹುಡುಕಿಕೊಡುವ ಏಜೆಂಟನಿಗೆ, ಮಕ್ಕಳ ಓದಿನ ಬಗ್ಗೆ ಸಲಹೆ ಕೊಡುವ ನಿವೃತ್ತ ಮೇಷ್ಟ್ರಿಗೆ, ಎಲ್ಲರಿಗೂ ಅವಳೇ ಬರೆದುಕೊಡುತ್ತಿದ್ದಳು. ಅವರೆಲ್ಲ ಅವಳನ್ನು ಸರಣಿ ಮೇಡಂ ಎನ್ನುತ್ತಿದ್ದರು. ಸರಣಿ ಎಂದರೆ ಒಂದರ ಕೆಳಗೆ ಒಂದು ಹೆಣೆದ ಸಣ್ಣ ಸಣ್ಣ ಬರಹಗಳು. ಒಂದೊಂದಕ್ಕೂ ಅವಳು ಕಂತು ಎನ್ನುತ್ತಿದ್ದಳು. ನಾಲ್ಕು ಸಾಲು, ಹೆಚ್ಚೆಂದರೆ ಐದು. ಓದುವವರ ಹೆಬ್ಬೆರಳು ಫೋನಿನ ಮೇಲೆ ಸದಾ ಓಡುತ್ತಿರುತ್ತದೆ. ಮೊದಲ ಕಂತು ಆ ಹೆಬ್ಬೆರಳನ್ನು ಹಿಡಿದು ನಿಲ್ಲಿಸಬೇಕು. ಎರಡನೆಯದು ಅದು ಕೊಸರಿಕೊಂಡು ಹೋಗದ ಹಾಗೆ ನೋಡಿಕೊಳ್ಳಬೇಕು. ಆಮೇಲಿನ ಪ್ರತಿಯೊಂದೂ ಮುಗಿಯುವಾಗ ಬಾಗಿಲನ್ನು ಪೂರ್ತಿ ಮುಚ್ಚದೆ ಸ್ವಲ್ಪ ಸಂದು ಬಿಟ್ಟು ಹೋಗಬೇಕು. ಇಷ್ಟೇ ವಿದ್ಯೆ. ಇದನ್ನು ಕಲಿಸುವ ತರಗತಿಗಳಿವೆ ಎಂದು ಅವಳಿಗೆ ಗೊತ್ತಾದಾಗ ನಗು ಬಂತು, ಏಕೆಂದರೆ ಅವಳು ಕಲಿತದ್ದು ಪಾತ್ರೆ ತೊಳೆಯುತ್ತಾ.

ಮಗಳು ಚಿಕ್ಕವಳಿದ್ದಾಗ ಊಟವೆಂದರೆ ಯುದ್ಧ. ತಾಯಿಯ ಕೈಯಿಂದ ಒಂದು ತುತ್ತೂ ಇಳಿಯುತ್ತಿರಲಿಲ್ಲ. ಅತ್ತೆ ತಟ್ಟೆ ತೆಗೆದುಕೊಂಡು ಬಾಲ್ಕನಿಗೆ ಹೋಗಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕತೆ ಶುರುಮಾಡುತ್ತಿದ್ದರು. ಚಪ್ಪಲಿ ಕಳೆದುಕೊಂಡ ಇರುವೆಯ ಕತೆ. ಇರುವೆಗೆ ಚಪ್ಪಲಿ ಎಲ್ಲಿಂದ ಬಂತು ಎಂದು ಯಾರೂ ಕೇಳಬಾರದು. "ಇರುವೆ ಹೋಗಿ ಬಾಗಿಲು ತಟ್ಟಿತು. ಒಳಗಿಂದ ಒಂದು ಧ್ವನಿ ಕೇಳಿಸ್ತು..." ಎಂದು ಅತ್ತೆ ನಿಲ್ಲಿಸಿಬಿಡುವರು. ತುತ್ತು ಗಾಳಿಯಲ್ಲಿ. ಮಗು ಕಾಯುತ್ತಿತ್ತು, ಕಾಯುತ್ತಿತ್ತು, ತಡೆಯಲಾರದೆ "ಆಮೇಲೆ?" ಎನ್ನುತ್ತಿತ್ತು. ಆಮೇಲೆ ಎನ್ನಬೇಕಾದರೆ ಬಾಯಿ ತೆರೆಯಲೇಬೇಕಲ್ಲ. ತುತ್ತು ಒಳಗೆ ಹೋಗುತ್ತಿತ್ತು. ಅಡುಗೆಮನೆಯ ಕಿಟಕಿಯಿಂದ, ಕೈಯೆಲ್ಲ ನೊರೆ ಮಾಡಿಕೊಂಡು, ಸೊಸೆ ಅದನ್ನು ದಿನವೂ ಕೇಳುತ್ತಿದ್ದಳು. ಎಲ್ಲಿ ನಿಲ್ಲಿಸಿದರೆ ಬಾಯಿ ತೆರೆಯುತ್ತದೆ, ಎಲ್ಲಿ ನಿಲ್ಲಿಸಿದರೆ ಮಗು ತಿರುಗಿ ಕಾಗೆ ನೋಡುತ್ತದೆ ಎಂದು ಅವಳ ಕಿವಿಗೆ ಅಭ್ಯಾಸವಾಯಿತು. ಮಗಳು ದೊಡ್ಡವಳಾಗಿ ಹಾಸ್ಟೆಲು ಸೇರಿದಳು. ಕಿವಿಯ ಅಭ್ಯಾಸ ಉಳಿಯಿತು.

ಗಂಡ ಟೈಲ್ಸ್ ಕಂಪನಿಯ ಮಾರಾಟ ವಿಭಾಗದಲ್ಲಿ ಮ್ಯಾನೇಜರು. ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ, ಔಷಧಿ ಮುಗಿಯಿತು ಎಂದರೆ ಮರುದಿನವೇ ತರುತ್ತಿದ್ದ. ಹೆಂಡತಿಯ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ, ಮನೆಯಲ್ಲೇ ಇರ್ತಾಳಲ್ಲ, ಫೋನಲ್ಲಿ ಏನೋ ಕುಟ್ತಾ ಇರ್ತಾಳೆ ಎನ್ನುತ್ತಿದ್ದ. ಅದರಲ್ಲಿ ತಾತ್ಸಾರವೇನೂ ಇರಲಿಲ್ಲ. ಅವನು ಕಂಡದ್ದೇ ಅಷ್ಟು.

ಅತ್ತೆ ಒಂದು ಬೆಳಿಗ್ಗೆ ಬಚ್ಚಲಮನೆಯ ಬಾಗಿಲಲ್ಲಿ ಕುಸಿದರು. ಬಲಗೈ ಬಲಗಾಲು ಹೋಯಿತು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರಿಗೆ ಕೊನೆಗೂ ದಕ್ಕಿದ್ದು ಒಂದು ತುಂಡು ಮಾತು. ಆಮೇ. ನೀರು ಬೇಕಾದರೂ ಆಮೇ, ಬೆಳಕು ಚುಚ್ಚಿದರೂ ಆಮೇ, ಅಳು ಬಂದರೂ ಆಮೇ. ಆದರೆ ಆ ಮೊದಲ ವಾರ ಅದೂ ಇರಲಿಲ್ಲ. ತುಟಿ ಬಿಗಿದುಕೊಂಡಿದ್ದರು. ಏನು ತಂದರೂ ಮುಖ ಗೋಡೆಯ ಕಡೆಗೆ. ಬಾಯಿಂದ ಇಳಿಯದಿದ್ದರೆ ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ ಎಂದು ಮನೆಗೆ ಬಂದ ನರ್ಸಮ್ಮ ಹೇಳಿ ಹೋಗಿದ್ದರು.

ಮಗ ತಿನ್ನಿಸಿದರೆ ತಿಂತಾಳೆ ಎಂದು ಹೇಳಿದ್ದು ಚಿಕ್ಕಮ್ಮ, ಅತ್ತೆಯ ತಂಗಿ. ರಜೆಯ ದಿನ ಮಧ್ಯಾಹ್ನ ಅವನು ಬಟ್ಟಲು ಹಿಡಿದು ಕೂತ. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಯಾವುದೋ ಮುಖ್ಯವಾದ ಸಭೆಗೆ ಹೋದವನ ಹಾಗೆ. ಅಮ್ಮ ಅವನ ಮುಖವನ್ನೇ ನೋಡುತ್ತಿದ್ದರು. ಮಗ ಏನಾದರೂ ಹೇಳುತ್ತಾನೆ ಎಂದು ಕಾಯುತ್ತಿದ್ದರು ಎಂದು ಬಾಗಿಲಲ್ಲಿ ನಿಂತ ಸೊಸೆಗೆ ಅನ್ನಿಸಿತು. ಅವನು ಏನೂ ಹೇಳಲಿಲ್ಲ. ಚಮಚ ತುಟಿಗೆ ತಾಗಿಸಿದ, ಗಂಜಿ ಗಲ್ಲದ ಮೇಲೆ ಇಳಿಯಿತು, ಒರೆಸಿದ, ಮತ್ತೆ ತಾಗಿಸಿದ. ಮೂರನೆಯ ಸಲಕ್ಕೆ ಅವನು ಮುಖ ತಿರುಗಿಸಿಕೊಂಡ. ತಿನ್ನಲ್ಲ ಅಂತಾಳೆ ಎಂದು ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ಹೋದ. ಫೋನು ಕಿವಿಗಿಟ್ಟುಕೊಂಡು ಮೆಟ್ಟಿಲು ಇಳಿದ ಸದ್ದು ಕೇಳಿಸಿತು.

ಅವಳು ಗಂಜಿಯನ್ನು ಮತ್ತೆ ಬಿಸಿ ಮಾಡಿಕೊಂಡು ಬಂದಳು. ಆ ಸಂಜೆಗೆ ಹಲ್ಲಿನ ಡಾಕ್ಟರಿಗೆ ಸರಣಿ ಕೊಡಬೇಕಾಗಿತ್ತು, ಅದನ್ನು ಒಮ್ಮೆಯೂ ಗಟ್ಟಿಯಾಗಿ ಓದಿ ನೋಡಿರಲಿಲ್ಲ. ಕೂತಲ್ಲೇ ಓದಿದಳು. ಅತ್ತೆಗಾಗಿ ಅಲ್ಲ, ಕೆಲಸ ಮುಗಿಯಲಿ ಎಂದು. "ನಲವತ್ತು ವರ್ಷದ ಗಂಡಸು. ಹಲ್ಲು ನೋವು ಅಂತ ಬಂದರು. ಬಾಯಿ ತೆಗೆಸಿ ನೋಡಿದರೆ ಹಲ್ಲಿಗೆ ಏನೂ ಆಗಿಲ್ಲ. ನೋವು ಇದ್ದದ್ದು ಬೇರೆ ಎಲ್ಲೋ." ಇಲ್ಲಿಗೆ ಒಂದು ಕಂತು. ಅವಳು ಕೆಳಗಿನದಕ್ಕೆ ಹೋಗಲು ಬೆರಳು ಸರಿಸುತ್ತಿದ್ದಳು. ಮಂಚದಿಂದ ಸದ್ದು ಬಂತು.

ಆಮೇ.

ಬಾಯಿ ತೆರೆದಿತ್ತು. ಅವಳು ಚಮಚ ಒಳಗಿಟ್ಟಳು.

ಅಂದಿನಿಂದ ಅದೇ ಕ್ರಮವಾಯಿತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ತುತ್ತಿಗೊಂದು ಕಂತು. ಅತ್ತೆ ಬಾಯಿ ತೆರೆದರೆ ಆ ಕಂತು ನಿಂತಿತು. ಗೋಡೆಯ ಕಡೆ ತಿರುಗಿದರೆ ಬಿತ್ತು, ತಿದ್ದಬೇಕು. ಅರ್ಧ ತೆರೆದು ಮುಚ್ಚಿಕೊಂಡರೆ ಒಂದು ಸಾಲು ಜಾಸ್ತಿಯಾಗಿದೆ. ಮನೆ ಏಜೆಂಟನ ಸರಣಿಗಳಿಗೆ ಅವರು ಬಾಯಿ ತೆರೆಯುವುದು ಕಷ್ಟವಿತ್ತು. ನೀರಿನ ಟ್ಯಾಂಕು, ಪಾರ್ಕಿಂಗು ಎಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದಕ್ಕೇ ಅವನ ಸರಣಿಗಳಲ್ಲಿ ಹಳೆಯ ಬಾಡಿಗೆದಾರರು, ಅವರು ಬಿಟ್ಟುಹೋದ ಬೆಕ್ಕುಗಳು, ಗೋಡೆಯಲ್ಲಿ ಉಳಿದ ಮೊಳೆಗಳು ಬರತೊಡಗಿದವು. ಅವನ ವ್ಯಾಪಾರ ಕುದುರಿತು. ನಿಮಗೆ ಈ ಐಡಿಯಾ ಎಲ್ಲಿಂದ ಬರುತ್ತೆ ಮೇಡಂ ಎಂದು ಅವನು ಕೇಳಿದಾಗ, ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ, ಅವರಿಗೆ ತೋರಿಸ್ತೀನಿ ಎಂದಳು. ದೊಡ್ಡ ಸಂಪಾದಕರು ಯಾರೋ ಇರಬೇಕು ಎಂದು ಅವನು ಅಂದುಕೊಂಡ.

ಉಣಿಸುವುದು ಆ ದಿನಗಳ ಹಗುರವಾದ ಕೆಲಸ. ಮಿಕ್ಕದ್ದನ್ನು ಯಾರೂ ಸರಣಿ ಮಾಡುವಂತಿರಲಿಲ್ಲ. ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಾಯಿಸಬೇಕು. ತನಗಿಂತ ಭಾರದ ದೇಹವನ್ನು ಒಬ್ಬಳೇ ಹೊರಳಿಸುವಾಗ ತನ್ನ ಮೊಣಕಾಲನ್ನು ಮಂಚದ ಅಂಚಿಗೆ ಒತ್ತಿ ಎಳೆಯಬೇಕು, ಇಲ್ಲದಿದ್ದರೆ ಸೊಂಟ ಹಿಡಿಯುತ್ತದೆ. ಒದ್ದೆ ಬಟ್ಟೆ ತೆಗೆಯಬೇಕು, ಒರೆಸಬೇಕು, ಪುಡಿ ಹಾಕಬೇಕು. ಹಾಸಿಗೆಯ ಮೇಲಿನ ರಬ್ಬರ್ ಶೀಟನ್ನು ದಿನವೂ ತೊಳೆದು ಬಾಲ್ಕನಿಯಲ್ಲಿ ಒಣಗಿಸಿ ಮಡಚಬೇಕು. ಅದು ಇಬ್ಬರು ಮಡಚುವಷ್ಟು ದೊಡ್ಡದು. ಅವಳು ಒಂದು ತುದಿಯನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು, ಎರಡು ಕೈಯಲ್ಲಿ ಉಳಿದ ತುದಿಗಳನ್ನು ಕೂಡಿಸುತ್ತಿದ್ದಳು. ಗಲ್ಲಕ್ಕೆ ರಬ್ಬರಿನ ವಾಸನೆ ಹತ್ತಿಕೊಂಡಿರುತ್ತಿತ್ತು. ಸಾಲುಗಳು ತಲೆಯಲ್ಲಿ ಮೂಡುತ್ತಿದ್ದದ್ದು ಆಗಲೇ. ಒದ್ದೆ ಹೆಬ್ಬೆರಳಿಗೆ ಫೋನು ತೆರೆಯುತ್ತಿರಲಿಲ್ಲ, ಬಟ್ಟೆಗೆ ಒರೆಸಿಕೊಳ್ಳುವಷ್ಟರಲ್ಲಿ ಅರ್ಧ ಸಾಲು ಹಾರಿಹೋಗುತ್ತಿತ್ತು.

ಗಂಡ ಸಂಜೆ ಬಂದು ಕಾಲುಚೀಲ ಬಿಚ್ಚುತ್ತಾ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. "ಅಮ್ಮ ಊಟ ಮಾಡಿದಳಾ?" ಕೇಳುತ್ತಿದ್ದದ್ದು ಹೆಂಡತಿಯನ್ನು. ಅಮ್ಮ ಅಲ್ಲೇ ಇದ್ದರು, ಅವನನ್ನೇ ನೋಡುತ್ತಿದ್ದರು. ಹೂಂ ಎಂದು ಉತ್ತರ ಸಿಕ್ಕಿದ ಮೇಲೆ ಅವನು ಟಿವಿ ಹಾಕಲು ಹೋಗುತ್ತಿದ್ದ. ಹೊಸಿಲು ದಾಟಿದ್ದು ಕಡಿಮೆ. ಆ ಮಧ್ಯಾಹ್ನದ ಬಟ್ಟಲು ಅವನನ್ನು ಹೆದರಿಸಿಬಿಟ್ಟಿತ್ತು ಎಂದು ಅವಳಿಗೆ ಗೊತ್ತಿತ್ತು. ಹೆದರುವುದಕ್ಕೆ ತನಗೆ ಯಾರೂ ಬಿಡುವು ಕೊಟ್ಟಿರಲಿಲ್ಲ ಎಂಬುದೂ ಗೊತ್ತಿತ್ತು.

ಬರೆಯುವುದರಲ್ಲಿ ಅವಳಿಗೆ ಒಂದು ಕಟ್ಟುನಿಟ್ಟಿತ್ತು. ಯಾರ ಹೆಸರಿನಲ್ಲಿ ಬರೆಯುತ್ತಾಳೋ ಅವರು ಮಾಡದ ಕೆಲಸವನ್ನು ಅವರು ಮಾಡಿದರೆಂದು ಬರೆಯುತ್ತಿರಲಿಲ್ಲ. ಶುರುವಿನಲ್ಲಿ ಒಮ್ಮೆ ಮೇಷ್ಟ್ರ ಹೆಸರಿನಲ್ಲಿ, ದಡ್ಡ ಹುಡುಗನೊಬ್ಬನ ಮನೆಗೇ ಹೋಗಿ ಪಾಠ ಹೇಳಿಕೊಟ್ಟೆ ಎಂದು ಕಟ್ಟಿ ಬರೆದಿದ್ದಳು. ಆ ಹುಡುಗ ಈಗ ಏನು ಮಾಡ್ತಿದ್ದಾನೆ ಸಾರ್ ಎಂದು ಜನ ಕೇಳಿದರು. ಮೇಷ್ಟ್ರು ಫೋನು ಮಾಡಿ, ಹೌದು, ಆ ಹುಡುಗ ಈಗ ಏನು ಮಾಡ್ತಿದ್ದಾನಮ್ಮ ಎಂದು ಅವಳನ್ನೇ ಕೇಳಿದರು. ಅವತ್ತಿನಿಂದ ಅಂಥ ಜಾಗ ಬಂದಾಗ ಅವಳು ಖಾಲಿ ಬಿಟ್ಟು, ಇಲ್ಲಿ ನೀವು ಕೈಯಾರೆ ಮಾಡಿದ್ದನ್ನು ಬರೆಯಿರಿ ಎಂದು ಸೂಚನೆ ಹಾಕಿ ಕಳಿಸುತ್ತಿದ್ದಳು. ಡಾಕ್ಟರು ತಾವು ಕಿತ್ತ ಹಲ್ಲಿನ ಕತೆಯನ್ನು ಗಡಿಬಿಡಿಯಲ್ಲಿ ಮಾತಿನಲ್ಲೇ ಹೇಳಿ ಕಳಿಸುವರು, ಹಿಂದೆ ಯಾರೋ ನರಳುವ ಸದ್ದು ಇರುತ್ತಿತ್ತು. ಅವಳು ಅದನ್ನು ನಾಲ್ಕು ಸಾಲಿಗೆ ಇಳಿಸುವಳು. ಸರಣಿಯ ಜೀವ ಇರುತ್ತಿದ್ದದ್ದು ಯಾವಾಗಲೂ ಆ ಕಂತಿನಲ್ಲೇ.

ಮೂರು ವರ್ಷ ಹೀಗೆ ನಡೆಯಿತು. ಅತ್ತೆ ಒಂದು ಬೆಳಿಗ್ಗೆ ಏಳಲಿಲ್ಲ. ಹಿಂದಿನ ಸಂಜೆ ನರ್ಸರಿಯಾಕೆಯ ಸರಣಿ ಅರ್ಧಕ್ಕೆ ನಿಂತಿತ್ತು. ಒಣಗಿದ ಗಿಡವೊಂದನ್ನು ಗಿರಾಕಿ ವಾಪಸು ತಂದುಕೊಟ್ಟ ಕತೆ. ಅದು ಚಿಗುರಿತೋ ಇಲ್ಲವೋ ಅತ್ತೆಗೆ ಗೊತ್ತಾಗಲಿಲ್ಲ.

ಬಂದವರೆಲ್ಲ ಹೋದ ಮೇಲೆ ಅವಳು ಬರೆಯಲು ಕೂತಳು. ಸಾಲುಗಳು ಬಂದವು, ಆದರೆ ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯಲಿಲ್ಲ. ಓದಿ ಮುಗಿಸಿ ಮಂಚದ ಕಡೆ ನೋಡುತ್ತಿದ್ದಳು. ಅಲ್ಲಿ ಸುತ್ತಿಟ್ಟ ಹಾಸಿಗೆ ಇತ್ತು. ಡಾಕ್ಟರು ಮೆತ್ತಗೆ, ಹಿಡಿತ ಸ್ವಲ್ಪ ಸಡಿಲ ಆದ ಹಾಗಿದೆಯಲ್ಲ ಮೇಡಂ, ಸುಧಾರಿಸ್ಕೊಂಡು ಬರೀರಿ ಎಂದರು. ಅವಳಿಗೆ ಸಿಟ್ಟು ಬರಲಿಲ್ಲ. ನಿಜವನ್ನೇ ಹೇಳಿದ್ದರು.

ಆ ವಾರವೇ ಗಂಡ ಕೇಳಿದ. ಅವನ ಆಫೀಸಿನಲ್ಲಿ ಒಬ್ಬ ತನ್ನ ತೀರಿಹೋದ ಅಪ್ಪನ ಬಗ್ಗೆ ಸರಣಿ ಬರೆದಿದ್ದನಂತೆ. ದೊಡ್ಡ ಸಾಹೇಬರೇ ಓದಿ ಕಣ್ಣೊರೆಸಿಕೊಂಡರಂತೆ. ಅಮ್ಮನ ಬಗ್ಗೆ ನಾನೂ ಒಂದು ಹಾಕಬೇಕು ಅಂತಿದೀನಿ, ನಾವು ಹೇಗೆ ನೋಡಿಕೊಂಡ್ವಿ ಅಂತ, ನಿನಗೆ ಹತ್ತು ನಿಮಿಷದ ಕೆಲಸ ಎಂದ. ಅವಳು ಒಲೆಯ ಕಟ್ಟೆ ಒರೆಸುತ್ತಿದ್ದಳು.

"ಯಾರ ಹೆಸರಲ್ಲಿ?" ಎಂದಳು.

"ನನ್ನ ಹೆಸರಲ್ಲಿ. ನನ್ನ ಅಮ್ಮ ಅಲ್ವಾ?"

ಅಲ್ಲ ಎನ್ನುವಂತಿರಲಿಲ್ಲ. ಅವನ ಮುಖದಲ್ಲಿ ದುಃಖ ಇತ್ತು, ಸುಳ್ಳು ದುಃಖವಲ್ಲ. ಅವಳು ಬಟ್ಟೆ ಹಿಂಡಿ ಕೊಕ್ಕೆಗೆ ಹಾಕಿ, ನಿಂತಲ್ಲೇ ಬರೆಯತೊಡಗಿದಳು. ಒಂದು ವಾರದಿಂದ ಹಿಡಿತಕ್ಕೆ ಸಿಗದಿದ್ದ ಸಾಲುಗಳು ತಾವಾಗಿ ಬಂದು ನಿಲ್ಲಬೇಕಾದಲ್ಲಿ ನಿಂತವು. ಮೊದಲನೆಯದು: ನನ್ನ ಅಮ್ಮನಿಗೆ ಕೊನೆಗೆ ಉಳಿದದ್ದು ಒಂದೇ ಒಂದು ಮಾತು. ಎರಡನೆಯದರಲ್ಲಿ ಚಿಕ್ಕ ಹುಡುಗ, ಗಾಳಿಯಲ್ಲಿ ನಿಂತ ತುತ್ತು, ಚಪ್ಪಲಿ ಕಳೆದುಕೊಂಡ ಇರುವೆ. ಅವನೂ ಆ ಕತೆ ಕೇಳಿಯೇ ಬೆಳೆದವನು. ಮೂರನೆಯದು: ಅಮ್ಮ ಬಿದ್ದಳು, ಬಾಯಿ ಬಿಗಿದುಕೊಂಡಳು, ಮೂಗಿಗೆ ನಳಿಕೆ ಹಾಕಬೇಕು ಎಂದರು, ಆಗ ಒಂದು ಮಧ್ಯಾಹ್ನ ನಾನು ಬಟ್ಟಲು ತೆಗೆದುಕೊಂಡು ಅವಳ ಪಕ್ಕ ಕೂತೆ. ಐದನೆಯದು: ಅವತ್ತಿನಿಂದ ಅಮ್ಮ ಉಂಡಳು. ಆರು, ಏಳು ಕೊನೆಯ ದಿನಗಳದ್ದು. ನಾಲ್ಕನೆಯದು ಬಂದಾಗ ಅವಳ ಬೆರಳು ಡಾಕ್ಟರಿಗೆ, ಏಜೆಂಟನಿಗೆ, ಎಲ್ಲರಿಗೂ ಮಾಡುವುದನ್ನೇ ಮಾಡಿತು. ಇಲ್ಲಿ ನೀವು ಕೈಯಾರೆ ಮಾಡಿದ್ದನ್ನು ಬರೆಯಿರಿ.

ಕಳಿಸಿದ ಮೇಲೆಯೇ ಅವಳಿಗೆ ತಾನು ಏನು ಕೇಳಿದ್ದೇನೆ ಎಂಬುದು ಕಂಡದ್ದು. ವಾಪಸು ತೆಗೆಯಬಹುದಿತ್ತು. ತೆಗೆಯಲಿಲ್ಲ.

ಬೆಳಿಗ್ಗೆ ಅವನು ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದ. ಚೆನ್ನಾಗಿದೆ ಎಂದ. ಇರುವೆಯ ಕತೆ ನೆನಪಿತ್ತಾ ನಿನಗೆ ಎಂದ. ಆಮೇಲೆ, ಈ ನಾಲ್ಕರಲ್ಲಿ ಏನಾದರೂ ನೀನೇ ಹಾಕಿಬಿಡು ಎಂದ.

"ಅದು ನೀವು ಬರೀಬೇಕಾದ್ದು."

"ಏನಂತ ಬರೀಲಿ?"

"ಏನಾಯ್ತೋ ಅದನ್ನ. ಬಟ್ಟಲು ಹಿಡ್ಕೊಂಡು ಕೂತ್ರಿ. ಆಮೇಲೆ ಏನಾಯ್ತು?"

ಕುಕ್ಕರಿನ ಸದ್ದು ಏರಿ ಇಳಿಯಿತು. "ಬೇಕಂತಲೇ ಮಾಡಿದೀಯಾ?" ಎಂದು ಕೇಳಿದ. ಅವಳಿಗೂ ಅದು ಸರಿಯಾಗಿ ಗೊತ್ತಿರಲಿಲ್ಲ. ಎಲ್ಲರಿಗೂ ಹೀಗೇ ಕಳಿಸೋದು, ನಿಮಗೂ ಹೀಗೇ ಕಳಿಸಿದೆ ಎಂದಳು.

"ನಾನೇ ತಿನ್ನಿಸಿದೆ ಅಂತ ಹಾಕು. ಯಾರು ಬಂದು ಕೇಳ್ತಾರೆ?"

"ಅತ್ತೆ ಬಂದು ಕೇಳಲ್ಲ," ಎಂದಳು ಅವಳು. "ಅದಕ್ಕೇ ಹಾಕಲ್ಲ."

ಅವನು ಆಫೀಸಿಗೆ ಹೋದ. ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಅಮ್ಮನ ಹಳೆಯ ಫೋಟೊ ಒಂದನ್ನು ಸೇರಿಸಿ ಸರಣಿಯನ್ನು ತಾನೇ ಹಾಕಿದ. ನಾಲ್ಕನೆಯದನ್ನು ಬಿಟ್ಟುಬಿಟ್ಟ. ಬಿಟ್ಟರೆ ಏನಾಗುತ್ತದೆ ಎಂದು ಅವನಿಗೆ ತಿಳಿಯದು. ಅವನಿಗೆ ಅದು ಏಳು ಬೇರೆ ಬೇರೆ ಬರಹ, ಅದರಲ್ಲಿ ಒಂದು ಕಡಿಮೆ. ಪ್ರತಿ ಕಂತಿನ ತಲೆಯ ಮೇಲೆ ಅವಳು ಅಭ್ಯಾಸಬಲದಿಂದ ಹಾಕಿದ್ದ ಅಂಕಿಗಳನ್ನೂ ಅವನು ಹಾಗೇ ಬಿಟ್ಟಿದ್ದ. ೩/೭ರ ಕೆಳಗೆ ೫/೭ ಬಂತು.

ಅವಳಿಗೆ ಗೊತ್ತಾದದ್ದು ಚಿಕ್ಕಮ್ಮನ ಫೋನಿನಿಂದ. ಚಿಕ್ಕಮ್ಮನಿಗೆ ವಯಸ್ಸಾಗಿದ್ದರೂ ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಅಕ್ಕನ ಫೋಟೊ ನೋಡಿ ಅಳು ಬಂತು ಕಣೇ, ನಿನ್ನ ಗಂಡ ಇಷ್ಟು ಚೆನ್ನಾಗಿ ಬರೀತಾನೆ ಅಂತ ಗೊತ್ತೇ ಇರಲಿಲ್ಲ ಎಂದು ಶುರುಮಾಡಿದರು. ಸ್ವಲ್ಪ ಹೊತ್ತು ಅಕ್ಕನ ಮಾತು ಆಡಿ, ಮೂಗು ಸೀನಿಕೊಂಡು, ದನಿ ಬದಲಾಯಿಸಿದರು.

"ಅಲ್ಲ ಕಣೇ, ಮಧ್ಯೆ ಒಂದು ಎಲ್ಲಿ ಹೋಯ್ತು? ಬಟ್ಟಲು ಹಿಡ್ಕೊಂಡು ಕೂತೆ ಅಂತಾನೆ, ಕೆಳಗೆ ನೋಡಿದ್ರೆ ಅವತ್ತಿನಿಂದ ಉಂಡಳು ಅಂತಾನೆ. ತಿನ್ನಿಸಿದ್ದು ಯಾರು? ಅವನಂತೂ ಅಲ್ಲ. ಅಕ್ಕ ಉಣ್ಣಲಿಲ್ಲ ಅಂತ ಮೆಟ್ಟಿಲ ಮೇಲೆ ನಿಂತು ಅತ್ತಿದ್ದು ನನಗೇ ಫೋನ್ ಮಾಡಿ ತಾನೆ."

ಅವಳು ಗೋಡೆಗೆ ಒರಗಿದಳು. ಅವನು ಫೋನು ಕಿವಿಗಿಟ್ಟುಕೊಂಡು ಮೆಟ್ಟಿಲಿಳಿದದ್ದು ಆಫೀಸಿನ ಕರೆಗೆ ಎಂದು ಅವಳು ಮೂರು ವರ್ಷ ನಂಬಿದ್ದಳು.

ಫೋನಿಟ್ಟು ಸರಣಿ ತೆರೆದು ನೋಡಿದಳು. ನೂರಾರು ಜನ ಓದಿದ್ದರು. ಮೂರನೆಯ ಕಂತಿನ ಕೆಳಗೆ ಜನ ಗುಂಪುಗೂಡಿದ್ದರು, ಮುಚ್ಚಿದ ಬಾಗಿಲ ಮುಂದೆ ನಿಂತವರ ಹಾಗೆ. ನಾಲ್ಕು ಎಲ್ಲಿ ಎಂದು ಕೇಳಿದವರಿದ್ದರು. ಏನು ಮಾಡಿ ತಿನ್ನಿಸಿದಿರಿ ದಯವಿಟ್ಟು ಹೇಳಿ, ನಮ್ಮಮ್ಮನೂ ಬಾಯಿ ಬಿಡುತ್ತಿಲ್ಲ ಎಂದು ಒಬ್ಬಳು ಬರೆದಿದ್ದಳು. ಉಳಿದವರು ಹೆಚ್ಚು ಬರೆದಿರಲಿಲ್ಲ. ಒಂದರ ಕೆಳಗೆ ಒಂದು, ಗುರುತಿಲ್ಲದ ಜನ, ಒಂದೇ ಮಾತು. ಆಮೇಲೆ? ಆಮೇಲೆ? ಆಮೇಲೆ?

ಅಷ್ಟೊಂದು ಬಾಯಿಗಳು ತೆರೆದಿದ್ದವು. ಅವಳು ಸ್ಟೂಲನ್ನು ಎಳೆದುಕೊಂಡು ಖಾಲಿ ಮಂಚದ ಪಕ್ಕ ಕೂತಳು. ಅತ್ತು ಮುಗಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಸಂಜೆ ಅವನು ಬೇಗ ಬಂದ. ಬೂಟು ಬಿಚ್ಚಲಿಲ್ಲ. ದೊಡ್ಡ ಸಾಹೇಬರು ಓದಿದ್ದಾರೆ, ಓದಿ ನಾಲ್ಕನೆಯದು ಕಾಣ್ತಿಲ್ಲವಲ್ಲ ಎಂದು ಕರೆದು ಕೇಳಿದ್ದಾರೆ, ಈಗ ತೆಗೆದುಹಾಕಿದರೆ ಚೆನ್ನಾಗಿರೋಲ್ಲ ಎಂದು ಒಂದೇ ಉಸಿರಿಗೆ ಹೇಳಿದ. ನಾಲ್ಕು ಸಾಲು ಬರೆದುಕೊಡು, ಬೇರೇನೂ ಬೇಡ, ಮುಗಿದುಹೋಗಲಿ ಎಂದ.

"ನಾಲ್ಕನೇದು ನನ್ನದು," ಎಂದಳು ಅವಳು. "ನನ್ನ ಹೆಸರಲ್ಲೇ ಹಾಕ್ತೀನಿ."

"ನಿನ್ನ ಹೆಸರಲ್ಲಿ ಖಾತೆ ಎಲ್ಲಿದೆ?"

ನಿಜ, ಇರಲಿಲ್ಲ. ಐದಾರು ಜನರ ಗುಪ್ತಪದಗಳು ಅವಳ ತಲೆಯಲ್ಲಿದ್ದವು, ಯಾರ ಖಾತೆಯನ್ನು ಬೇಕಾದರೂ ಕಣ್ಣು ಮುಚ್ಚಿ ತೆರೆಯಬಲ್ಲಳು. ತನ್ನದೆಂದು ಒಂದು ಮಾಡಿಕೊಳ್ಳುವುದು ಹೊಳೆದೇ ಇರಲಿಲ್ಲ. ಈಗ ಮಾಡಿದಳು. ಫೋಟೊ ಹಾಕಿ ಎಂದು ಕೇಳಿತು. ಒಬ್ಬಳೇ ಇರುವ ಫೋಟೊ ಸಿಗಲಿಲ್ಲ, ಹಾಗೇ ಬಿಟ್ಟಳು. ಹೆಸರು ಕೇಳಿತು, ಬರೆದಳು. ನಿಮ್ಮ ಬಗ್ಗೆ ಒಂದು ಸಾಲು ಎಂದು ಕೇಳಿತು. ಎಲ್ಲರಿಗೂ ಆ ಒಂದು ಸಾಲನ್ನು ಅವಳೇ ಬರೆದುಕೊಟ್ಟಿದ್ದಳು. ತನಗೆ ಏನೂ ತೋಚದೆ ಖಾಲಿ ಬಿಟ್ಟಳು.

ಅವನು ಕೋಣೆಯ ಬಾಗಿಲಲ್ಲಿ ನಿಂತಿದ್ದ, ಎಂದಿನ ಜಾಗದಲ್ಲಿ. ಹಾಕಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹಾಕು ಎಂದೂ ಹೇಳಲಿಲ್ಲ. "ನಾನು ಎದ್ದು ಹೋದೆ ಅಂತ ಬರೀತೀಯಾ?" ಎಂದು ಕೇಳಿದ. ಅವನ ದನಿ ಚಿಕ್ಕದಾಗಿತ್ತು.

"ಅಳ್ತಾ ಹೋದ್ರಿ ಅಂತ ಬರೀತೀನಿ. ಅದು ಇವತ್ತು ಗೊತ್ತಾಯ್ತು ನನಗೆ."

ಅವಳು ಬರೆದಳು. ಮೂರನೆಯ ಕಂತಿನ ಕೆಳಗೆ, ಕೇಳುತ್ತಿದ್ದವರ ನಡುವೆ ಜಾಗ ಮಾಡಿಕೊಂಡು ಅದು ಕೂತಿತು.

"೪/೭. ಮಗ ಕೊಟ್ಟಾಗ ಅತ್ತೆ ಬಾಯಿ ತೆರೆಯಲಿಲ್ಲ. ನನ್ನ ಗಂಡ ಬಟ್ಟಲಿಟ್ಟು ಅಳುತ್ತಾ ಹೊರಗೆ ಹೋದರು. ನಾನು ಗಂಜಿ ಬಿಸಿ ಮಾಡಿ ತಂದೆ. ಆ ಸಂಜೆ ಕೊಡಬೇಕಾಗಿದ್ದ ಬರಹವನ್ನು ಗಟ್ಟಿಯಾಗಿ ಓದುತ್ತಾ ಕೂತೆ, ಅತ್ತೆ ಆಮೇ ಅಂದರು. ಕತೆಯನ್ನು ಎಲ್ಲಿ ನಿಲ್ಲಿಸಿದರೆ ಬಾಯಿ ತೆರೆಯುತ್ತದೆ ಎಂದು ನನಗೆ ಕಲಿಸಿದವರು ಅವರೇ. ಅಂದಿನಿಂದ ಕೊನೆಯವರೆಗೆ ತಿನ್ನಿಸಿದ್ದು ನಾನು."

ಬಾಗಿಲಲ್ಲಿ ಸಂದು ಬಿಟ್ಟು ಹೋಗದ ಕಂತನ್ನು ಅವಳು ಬರೆದದ್ದು ಅದೇ ಮೊದಲು. ಇದು ಯಾರನ್ನೂ ಮುಂದಕ್ಕೆ ಎಳೆಯಬೇಕಾಗಿರಲಿಲ್ಲ. ಅದಕ್ಕೂ ಕೆಳಗೆ ಹೋಗಿ, ನಮ್ಮಮ್ಮನೂ ಬಾಯಿ ಬಿಡುತ್ತಿಲ್ಲ ಎಂದವಳಿಗೆ ಬೇರೆಯಾಗಿ ಉತ್ತರ ಬರೆದಳು. ನಿಮ್ಮಮ್ಮ ನಿಮಗೆ ಹೇಗೆ ಉಣಿಸುತ್ತಿದ್ದರು, ಅದನ್ನು ಮೊದಲು ನೆನಪು ಮಾಡಿಕೊಳ್ಳಿ ಎಂದು.

ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿ ಎದ್ದಳು. ಬಾಲ್ಕನಿಯಲ್ಲಿ ರಬ್ಬರ್ ಶೀಟು ಒಣಗುತ್ತಿತ್ತು. ಬಾಡಿಗೆಗೆ ತಂದ ಮಂಚದ ಜೊತೆ ಅದನ್ನೂ ನಾಳೆ ವಾಪಸು ಕೊಡಬೇಕು. ತಂದು ಕೋಣೆಯಲ್ಲಿ ಹರಡಿ, ಒಂದು ತುದಿಯನ್ನು ಗಲ್ಲದ ಕೆಳಗೆ ಒತ್ತಿಕೊಳ್ಳಲು ಹೋದವಳು ನಿಂತಳು. ಅವನು ಇನ್ನೂ ಹೊಸಿಲಲ್ಲೇ ಇದ್ದ. ತನ್ನ ಫೋನಿನಲ್ಲಿ ಓದಿ ಮುಗಿಸಿದ್ದ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಆ ತುದಿ ಹಿಡ್ಕೊಳ್ಳಿ," ಎಂದಳು.

ಅವನು ಬೂಟು ಬಿಚ್ಚಿ ಹೊರಗಿಟ್ಟು ಒಳಗೆ ಬಂದ. ತುದಿ ಹಿಡಿದ. ಯಾವ ಕಡೆಗೆ ಮಡಚಬೇಕೆಂದು ತಿಳಿಯದೆ ಅವಳ ವಿರುದ್ಧ ದಿಕ್ಕಿಗೆ ತಿರುಗಿಸಿದ, ಶೀಟು ನಡುವೆ ತಿರುಚಿಕೊಂಡಿತು. ಅವಳು ಸರಿಮಾಡಲಿಲ್ಲ, ಹೇಳಿಕೊಡಲೂ ಇಲ್ಲ. ತನ್ನ ತುದಿಯನ್ನು ಬಿಗಿಯಾಗಿ ಹಿಡಿದು, ಅವನು ಬಿಡಿಸಿಕೊಳ್ಳಲಿ ಎಂದು ಕಾದಳು.